ಆಗಮನ ಕಾಲದ ಪಾಪನಿವೇದನೆಗೆ ಸಿದ್ಧರಾಗುವ ಬಗೆ

ಡಿಸೆಂಬರ್ 23ರ ಸಂಜೆ ನಮ್ಮ ಬಹುತೇಕ ಧರ್ಮಕೇಂದ್ರಗಳಲ್ಲಿ ಪಾಪನಿವೇದನೆಗೆ, ಅಂದರೆ ಗುರುಗಳ ಬಳಿ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವ ಸಂಸ್ಕಾರಕ್ಕೆ, ಉದ್ದನೆಯ ಸಾಲು ನಿಂತಿರುತ್ತದೆ. ಹೊರಗೆ ಯುವಕರು ಗೋದಲಿಗೆ ಹುಲ್ಲು ಹಾಸುತ್ತಿರುತ್ತಾರೆ, ಗಾಯನ ವೃಂದದವರು ನಡುರಾತ್ರಿಯ ಬಲಿಪೂಜೆಗೆ (ಮಾಸ್‌ಗೆ) ಕೊನೆಯ ಅಭ್ಯಾಸ ನಡೆಸಿರುತ್ತಾರೆ, ಒಳಗೆ ಒಬ್ಬರೋ ಇಬ್ಬರೋ ಗುರುಗಳು ಇಡೀ ಊರಿನ ಪಾಪನಿವೇದನೆಯನ್ನು ಕೇಳಿ ಮುಗಿಸಬೇಕಾಗಿರುತ್ತದೆ. ಸಿಗುವ ಒಂದೆರಡು ನಿಮಿಷದಲ್ಲಿ, ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತ ಪಟ್ಟಿಯೇ ಬಾಯಿಗೆ ಬರುತ್ತದೆ: ಸುಳ್ಳು ಹೇಳಿದೆ, ಕೋಪಿಸಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ. ಹಾಗೆ ಮಾಡಿದ ಪಾಪನಿವೇದನೆ ಸಿಂಧುವಲ್ಲವೆಂದು ಯಾರೂ ಹೇಳಲಾರರು. ಆದರೆ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರಗಳಲ್ಲಿ ಸಿದ್ಧತೆಗೆಂದೇ ಧರ್ಮಸಭೆ ಕೊಟ್ಟ ಅವಕಾಶವನ್ನು ಕಡೆಯ ಎರಡು ನಿಮಿಷಕ್ಕೆ ಇಳಿಸಿಕೊಳ್ಳುವುದರಿಂದ ನಷ್ಟ ನಮಗೇ. ಆ ನಾಲ್ಕು ವಾರಗಳನ್ನು ಹೇಗೆ ಬಳಸಿಕೊಳ್ಳಬಹುದೆಂದು ಹಂತ ಹಂತವಾಗಿ ಹೇಳುವುದು ಈ ಬರಹದ ಉದ್ದೇಶ. ಮುಖ್ಯವಾಗಿ ಕಥೋಲಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ, ಆಗಮನ ಕಾಲವನ್ನು ಆಚರಿಸುವ ದಕ್ಷಿಣ ಭಾರತ ಸಭೆಯವರಿಗೂ ಇದರ ಹೆಚ್ಚಿನ ಭಾಗ ಅನ್ವಯಿಸುತ್ತದೆ.

ಮೊದಲು ಕ್ಯಾಲೆಂಡರ್ ನೋಡಿ

ನವೆಂಬರ್ 30 ಪ್ರೇಷಿತ ಸಂತ ಅಂದ್ರೆಯರ ಹಬ್ಬ. ಆ ದಿನಕ್ಕೆ ಅತಿ ಸಮೀಪದ ಭಾನುವಾರ ಆಗಮನ ಕಾಲ ಆರಂಭವಾಗುವುದರಿಂದ ಅದು ನವೆಂಬರ್ 27ಕ್ಕಿಂತ ಮುಂಚೆ ಅಥವಾ ಡಿಸೆಂಬರ್ 3ರ ನಂತರ ಎಂದೂ ಶುರುವಾಗುವುದಿಲ್ಲ. 2026ರಲ್ಲಿ ನಾಲ್ಕು ಭಾನುವಾರಗಳು ನವೆಂಬರ್ 29, ಡಿಸೆಂಬರ್ 6, 13 ಮತ್ತು 20ರಂದು ಬೀಳುತ್ತವೆ. ಇವುಗಳಲ್ಲಿ ಎರಡನೆಯ ಭಾನುವಾರದ ಶುಭಸಂದೇಶ ಪ್ರತಿ ವರ್ಷವೂ ಸ್ನಾನಿಕ ಯೊವಾನ್ನನದೇ; ಪಶ್ಚಾತ್ತಾಪಕ್ಕೆ ಕರೆ ಕೊಡುವ ಆ ದನಿಯನ್ನು ಕೇಳಿದ ವಾರದಲ್ಲೇ, ಅಂದರೆ ಎರಡನೆಯ ಮತ್ತು ಮೂರನೆಯ ಭಾನುವಾರಗಳ ನಡುವೆ, ಪಾಪನಿವೇದನೆಗೆ ಒಂದು ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ವಾರದ ದಿನದ ಬಲಿಪೂಜೆಗೆ ಮುನ್ನ ಗುರುಗಳು ಸಾಮಾನ್ಯವಾಗಿ ಸಿಗುತ್ತಾರೆ. ಬಹಳ ವರ್ಷಗಳ ಲೆಕ್ಕ ಒಪ್ಪಿಸಬೇಕಾಗಿರುವವರು ಮೊದಲೇ ಫೋನ್ ಮಾಡಿ, ‘ಫಾದರ್, ನನಗೆ ಸ್ವಲ್ಪ ಹೆಚ್ಚು ಸಮಯ ಬೇಕು’ ಎಂದು ಕೇಳಿಕೊಂಡರೆ ಇಬ್ಬರಿಗೂ ನೆಮ್ಮದಿ.

ಈ ಕಾಲದ ಸ್ವಭಾವವನ್ನೂ ಇಲ್ಲಿಯೇ ತಿಳಿದುಕೊಳ್ಳಬೇಕು. ಬಲಿಪೂಜೆಯ ವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಭಾನುವಾರದ ಮಹಿಮಾಗೀತೆ ನಿಲ್ಲುತ್ತದೆ. ಆದರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮೌನವಾಗುವ ‘ಅಲ್ಲೆಲೂಯ’ ಆಗಮನ ಕಾಲದಲ್ಲಿ ಮುಂದುವರಿಯುತ್ತದೆ. ಐದನೆಯ ಶತಮಾನದಲ್ಲಿ ಫ್ರಾನ್ಸಿನ ತೂರ್ ನಗರದ ಬಿಷಪ್ ಪೆರ್ಪೆತುವುಸ್, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ವಿಧಿಸಿದ್ದರು. ಲ್ಯಾಟಿನ್ ವಿಧಿಯ ಇಂದಿನ ಧರ್ಮಸಭಾ ಕಾನೂನು ಶುಕ್ರವಾರಗಳನ್ನೂ ತಪಸ್ಸುಕಾಲವನ್ನೂ ಮಾತ್ರ ಪ್ರಾಯಶ್ಚಿತ್ತದ ದಿನಗಳೆಂದು ಹೆಸರಿಸುತ್ತದೆ; ಆಗಮನ ಕಾಲ ಆ ಪಟ್ಟಿಯಲ್ಲಿಲ್ಲ. ಬೆಳ್ತಂಗಡಿ, ಭದ್ರಾವತಿ, ಮಂಡ್ಯ ಧರ್ಮಪ್ರಾಂತ್ಯಗಳ ಸಿರೋ-ಮಲಬಾರ್ ವಿಶ್ವಾಸಿಗಳಾದರೋ ಡಿಸೆಂಬರ್ 1ರಿಂದ ಇಪ್ಪತ್ತೈದು ದಿನಗಳ ನೋಂಪಿಯನ್ನು (ವ್ರತವನ್ನು) ಇಂದಿಗೂ ಪಾಲಿಸುತ್ತಾರೆ. ಉಳಿದ ನಮಗೆ ಕಡ್ಡಾಯವಿಲ್ಲ. ಬರುವವನಿಗಾಗಿ ದಾರಿ ತೆರವು ಮಾಡುವುದಷ್ಟೇ ಇಲ್ಲಿ ಪಶ್ಚಾತ್ತಾಪದ ಕೆಲಸ, ಅದರಲ್ಲಿ ಸಂತೋಷವೂ ಬೆರೆತಿರುತ್ತದೆ.

ಮೊದಲ ವಾರ: ತಪ್ಪಿನ ಪಟ್ಟಿ ಬೇಡ

ಪಾಪನಿವೇದನೆಗೆ ಸಿದ್ಧರಾಗುವವರು ಸಾಮಾನ್ಯವಾಗಿ ಮೊದಲು ಮಾಡುವುದು ತಪ್ಪುಗಳ ಪಟ್ಟಿ. ಆಗಮನ ಕಾಲದ ವಾಚನಗಳ ಕ್ರಮ ಬೇರೆ. 2026ರ ಎರಡನೆಯ ಭಾನುವಾರದ ಮೊದಲ ವಾಚನ ಯೆಶಾಯನ ಗ್ರಂಥದ 40ನೆಯ ಅಧ್ಯಾಯದ್ದು. ಅಲ್ಲಿ ‘ಸರ್ವೇಶ್ವರನಿಗೆ ದಾರಿ ಸಿದ್ಧಮಾಡಿ’ ಎಂಬ ಆಜ್ಞೆಗೂ ಮೊದಲೇ ‘ನನ್ನ ಜನರನ್ನು ಸಂತೈಸಿರಿ’ ಎಂಬ ಮಾತು ಬರುತ್ತದೆ. ಜೆರುಸಲೇಮಿನ ಪಾಪಕ್ಕೆ ಕ್ಷಮೆ ದೊರಕಿದೆಯೆಂದು ಸಾರಿದ ಮೇಲೆಯೇ ಪ್ರವಾದಿ ಹಳ್ಳವನ್ನು ತುಂಬುವ, ಗುಡ್ಡವನ್ನು ತಗ್ಗಿಸುವ ಮಾತಿಗೆ ಬರುತ್ತಾನೆ. ಅದೇ ದಿನ ಓದುವ ಪೇತ್ರನ ಎರಡನೆಯ ಪತ್ರ, ಪ್ರಭುವಿನ ಬರವು ತಡವಾಗುತ್ತಿರುವುದಕ್ಕೆ ಆತನ ತಾಳ್ಮೆಯೇ ಕಾರಣವೆಂದೂ, ಯಾರೂ ನಾಶವಾಗದೆ ಎಲ್ಲರೂ ಪಶ್ಚಾತ್ತಾಪಪಡಬೇಕೆಂಬುದು ಆತನ ಇಚ್ಛೆಯೆಂದೂ ಹೇಳುತ್ತದೆ. ಡಿಸೆಂಬರ್ 24ರ ಬೆಳಗಿನ ಬಲಿಪೂಜೆಯಲ್ಲಿ ಕೇಳಿಬರುವ ಜಕರೀಯನ ಗೀತೆಯೂ, ನಮ್ಮ ದೇವರ ಕರುಳಿನ ಕರುಣೆಯಿಂದ ಪಾಪಕ್ಷಮೆಯೂ ಮೇಲಿನಿಂದ ಬೆಳಕೂ ಬರುತ್ತದೆಂದೇ ಹಾಡುತ್ತದೆ.

ಹೀಗೆ ದಯೆಯನ್ನು ಆಗಮನ ಕಾಲದ ಬಾಗಿಲಲ್ಲೇ ನಿಲ್ಲಿಸುವ ರೂಢಿ ಇತ್ತೀಚಿನ ಪೋಪರಲ್ಲೂ ಕಾಣುತ್ತದೆ. ಎರಡನೆಯ ಜಾನ್ ಪೌಲರು ದೇವರ ಕರುಣೆಯನ್ನು ಕುರಿತ ತಮ್ಮ ವಿಶ್ವಪತ್ರಕ್ಕೆ ಸಹಿ ಹಾಕಿದ್ದು 1980ರ ನವೆಂಬರ್ 30ರಂದು, ಆ ವರ್ಷದ ಆಗಮನ ಕಾಲದ ಮೊದಲ ಭಾನುವಾರ. ಪೋಪ್ ಫ್ರಾನ್ಸಿಸರು ಕರುಣೆಯ ಜೂಬಿಲಿ ವರ್ಷವನ್ನು ರೋಮಿನಲ್ಲಿ ಅಧಿಕೃತವಾಗಿ ಆರಂಭಿಸಿದ್ದು 2015ರ ಡಿಸೆಂಬರ್ 8ರಂದು. ಅದಕ್ಕೂ ಮೊದಲೇ, ನವೆಂಬರ್ 29ರ ಮೊದಲ ಭಾನುವಾರ, ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ ಬಾಂಗಿಯ ಪ್ರಧಾನಾಲಯದಲ್ಲಿ ಅವರು ಪವಿತ್ರ ದ್ವಾರವನ್ನು ತೆರೆದಿದ್ದರು. ಹಿಂದೆ ಮುಂದೆ ನೋಡದೆ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಿದ್ದ ನಾಡಿನಲ್ಲಿ ಕರುಣೆಯ ಬಾಗಿಲು ಮೊದಲು ತೆರೆದದ್ದು ಸಣ್ಣ ಸಂಗತಿಯಲ್ಲ.

ಆದ್ದರಿಂದ ಮೊದಲ ವಾರ ಪೆನ್ನು ಹಿಡಿಯಬೇಡಿ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕೂತು ಯೆಶಾಯ 40ರ ಮೊದಲ ಹನ್ನೊಂದು ವಚನಗಳನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಆಗಮನ ಕಾಲದ ಮೇಣದಬತ್ತಿಯ ಚಕ್ರ ಇದ್ದರೆ ಹಚ್ಚಿ. ಇಲ್ಲದಿದ್ದರೆ ಒಂದು ಮೇಣದಬತ್ತಿ ಸಾಕು. ಓದಿದ ಮೇಲೆ ಪ್ರತಿಯೊಬ್ಬರೂ ಈ ವರ್ಷದಲ್ಲಿ ತಮಗೆ ಅರ್ಹತೆ ಮೀರಿ ದೊರೆತ ಒಂದು ಉಪಕಾರವನ್ನು ನೆನಪಿಸಿಕೊಂಡರೆ ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಪ್ರೀತಿಯಿಂದ ಹುಟ್ಟುವ ಪಶ್ಚಾತ್ತಾಪ ನಮ್ಮೊಳಗೆ ಇನ್ನೂ ಮೂಡಿಲ್ಲವೆಂದು ಕೊರಗುವವರಿಗೆ ಒಂದು ಮಾತು: ಪಾಪದ ವಿಕಾರವನ್ನೂ ದಂಡನೆಯ ಭಯವನ್ನೂ ಕಂಡು ಹುಟ್ಟುವ ಅಪೂರ್ಣ ಪಶ್ಚಾತ್ತಾಪವನ್ನು ಸಹ ಧರ್ಮಸಭೆ ದೇವರ ವರವೆಂದೇ ಎಣಿಸುತ್ತದೆ, ಮತ್ತು ಸಂಸ್ಕಾರಕ್ಕೆ ಬರಲು ಅದೂ ಸಾಕು.

ಎರಡನೆಯ ವಾರ: ಯೊವಾನ್ನನ ಮೂರು ಉತ್ತರಗಳಿಂದ ಆತ್ಮಶೋಧನೆ

ಆತ್ಮಶೋಧನೆಗೆ ಹತ್ತು ಆಜ್ಞೆಗಳ ಆಧಾರ ಇದ್ದೇ ಇದೆ. ಆದರೆ ಆಗಮನ ಕಾಲಕ್ಕೆಂದೇ ಹೇಳಿ ಮಾಡಿಸಿದ ಒಂದು ಆಧಾರ ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿದೆ (10ರಿಂದ 14ನೆಯ ವಚನಗಳು). ಮೂರು ವರ್ಷಕ್ಕೊಮ್ಮೆ ಮೂರನೆಯ ಭಾನುವಾರ ಅದನ್ನು ಓದಲಾಗುತ್ತದೆ. ಯೊವಾನ್ನನ ಕಟು ಮಾತು ಕೇಳಿ ಜನ, ‘ಹಾಗಾದರೆ ನಾವೇನು ಮಾಡಬೇಕು?’ ಎಂದು ಕೇಳುತ್ತಾರೆ. ಜನಸಾಮಾನ್ಯರಿಗೆ ಅವನು ಕೊಡುವ ಉತ್ತರ: ಎರಡು ಅಂಗಿಗಳಿರುವವನು ಇಲ್ಲದವನಿಗೆ ಒಂದನ್ನು ಕೊಡಲಿ, ಊಟ ಇರುವವನೂ ಹಾಗೆಯೇ ಮಾಡಲಿ. ಸುಂಕ ವಸೂಲಿಯವರಿಗೆ: ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಸೈನಿಕರಿಗೆ: ಯಾರನ್ನೂ ಬೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ. ಅಡವಿಯಲ್ಲಿ ಮಿಡತೆ ಮತ್ತು ಕಾಡುಜೇನು ತಿಂದು ಬದುಕಿದವನು ಯಾರನ್ನೂ ಅಡವಿಗೆ ಕರೆಯಲಿಲ್ಲ, ಕೆಲಸ ಬಿಟ್ಟುಬಿಡಿ ಎಂದು ಸುಂಕದವನಿಗೂ ಹೇಳಲಿಲ್ಲ. ಪ್ರತಿಯೊಬ್ಬರ ಕಸುಬಿನಲ್ಲಿ ಪಾಪ ಎಲ್ಲಿ ಅಡಗಿ ಕೂತಿದೆಯೋ ಅಲ್ಲಿಗೇ ಬೆರಳಿಟ್ಟ.

ಮೊದಲನೆಯ ಉತ್ತರವನ್ನು ಹಿಡಿದು ಮನೆಯ ಬೀರುವಿನಿಂದ ಶುರುಮಾಡಿ. ಹಬ್ಬದ ಹೊಸ ಬಟ್ಟೆ ತರುವ ಮೊದಲು, ವರ್ಷದಿಂದ ಮುಟ್ಟದ ಬಟ್ಟೆಗಳನ್ನು ಹೊರತೆಗೆದು, ಹರಿದವನ್ನಲ್ಲದೆ ಚೆನ್ನಾಗಿರುವವನ್ನೇ ಒಗೆದು ಇಸ್ತ್ರಿ ಮಾಡಿ ಕೊಡಲು ಬದಿಗಿಡಿ. ಬಳಿಕ ಕೇಳಿಕೊಳ್ಳಬೇಕಾದ ಪ್ರಶ್ನೆ: ಕೊಡಬಹುದಾಗಿದ್ದೂ ಕೊಡದೆ ಯಾರನ್ನು ಬರಿಗೈಯಲ್ಲಿ ಕಳಿಸಿದೆ? ಮಾಡಬಾರದ್ದನ್ನು ಮಾಡಿದ ಪಾಪ ಬೇಗ ನೆನಪಾಗುತ್ತದೆ, ಮಾಡಬೇಕಾದ್ದನ್ನು ಮಾಡದೆ ಬಿಟ್ಟ ಪಾಪವನ್ನು ಹುಡುಕಿಯೇ ತೆಗೆಯಬೇಕು.

ಎರಡನೆಯ ಉತ್ತರ ಹಣದ ಲೆಕ್ಕದ್ದು. ಕಡತ ಮುಂದೆ ಸಾಗಲು ‘ಮಾಮೂಲು’ ಪಡೆಯುವ ಅಧಿಕಾರಿಗೆ ಇದು ನೇರವಾಗಿ ತಾಗುತ್ತದೆ, ಹೆಚ್ಚು ವಿವರಣೆ ಬೇಡ. ಆದರೆ ಲಂಚವನ್ನೇ ಕಾಣದ ನಮ್ಮಂಥವರಿಗೂ ಇಲ್ಲಿ ಜಾಗವಿದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವಾಗ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ರೂಢಿ. ಬಾಡಿಗೆದಾರರು ಖಾಲಿ ಮಾಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಒಂದು ಮೊತ್ತ ಹಿಡಿಯಲಾಗುತ್ತದೆ. ಒಪ್ಪಂದದಲ್ಲಿ ಬರೆದಂತೆ, ಖರ್ಚಾದಷ್ಟನ್ನು ಹಿಡಿದರೆ ಅದು ನ್ಯಾಯ. ಗೋಡೆಗೆ ಬ್ರಷ್ಷನ್ನೇ ಮುಟ್ಟಿಸದೆ ಮುಂದಿನ ಬಾಡಿಗೆದಾರರನ್ನು ಕೂರಿಸಿ, ಹಿಂದಿನವರಿಂದ ಪೇಂಟಿಂಗ್ ಹಣ ಹಿಡಿದುಕೊಂಡಿದ್ದರೆ ಅದು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಿದ್ದೇ ಸರಿ. ಮನೆಕೆಲಸದಾಕೆ ಹುಷಾರಿಲ್ಲದೆ ಬಾರದ ದಿನದ ಸಂಬಳ ಕಡಿದದ್ದು, ತೋಟದ ಆಳಿಗೆ ಹಬ್ಬ ಕಳೆದ ಮೇಲೆ ಬಾ ಎಂದು ಕೂಲಿಯ ಬಾಕಿ ತಳ್ಳಿದ್ದು, ತಂಗಿಯ ಪಾಲಿನ ಜಮೀನನ್ನು ‘ಅವಳಿಗೆ ಅಲ್ಲೇ ಬೇಕಾದಷ್ಟಿದೆ’ ಎಂದು ತಮ್ಮ ಹೆಸರಿಗೆ ಬರೆಸಿಕೊಂಡದ್ದು, ಎಲ್ಲವೂ ಈ ಕಂತೆಗೇ ಸೇರುತ್ತವೆ. ನಾವು ಇವನ್ನು ವ್ಯವಹಾರವೆಂದು ಕರೆಯುತ್ತೇವೆ, ಪಾಪನಿವೇದನೆಯ ಪೀಠದವರೆಗೆ ತರುವುದಿಲ್ಲ. ಆಗಮನ ಕಾಲದಲ್ಲಿ ಮೊದಲು ತರಬೇಕಾದವು ಇವೇ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ ಅಧಿಕಾರ ಕುರಿತದ್ದು. ಲಾಠಿ ಹಿಡಿದವರಿಗಷ್ಟೇ ಇದನ್ನು ಬಿಟ್ಟುಕೊಡಬಾರದು. ನಮ್ಮ ಮಾತಿಗೆ ಹೆದರುವವರು ಒಬ್ಬರಾದರೂ ಇದ್ದರೆ ನಾವೂ ಸೈನಿಕರೇ. ಅತ್ತೆ ಸೊಸೆಗೆ, ಗಂಡ ಹೆಂಡತಿಗೆ, ಮೇಷ್ಟ್ರು ವಿದ್ಯಾರ್ಥಿಗೆ, ಸೂಪರ್‌ವೈಸರ್ ಗಾರ್ಮೆಂಟ್ಸ್ ಕೆಲಸದಾಕೆಗೆ ಆಡಿದ ಮಾತು ಹೇಗಿತ್ತು? ಸುಳ್ಳು ದೂರಿನ ಮಾತು ಬಂದಾಗ ಕುಟುಂಬದ ವಾಟ್ಸ್‌ಆ್ಯಪ್ ಗುಂಪನ್ನೂ ಧರ್ಮಕೇಂದ್ರದ ಸಂಘಗಳ ಸಭೆಯನ್ನೂ ಮರೆಯಬೇಡಿ. ಪರಿಶೀಲಿಸದೆ ಮುಂದಕ್ಕೆ ಕಳಿಸಿದ ಒಂದು ಸಂದೇಶ ಒಬ್ಬರ ಹೆಸರನ್ನು ಊರೆಲ್ಲ ಕೆಡಿಸಬಲ್ಲದು.

ಈ ಮೂರರಲ್ಲಿ ಬಾರದ ಪಾಪಗಳೂ ಇವೆ: ಭಾನುವಾರದ ಬಲಿಪೂಜೆಯನ್ನು ಸಕಾರಣವಿಲ್ಲದೆ ಬಿಟ್ಟದ್ದು, ದಾಂಪತ್ಯ ದ್ರೋಹ, ಮೊಬೈಲಿನಲ್ಲಿ ಕದ್ದು ನೋಡುವ ಅಶ್ಲೀಲ ಚಿತ್ರಗಳು, ಮನೆ ಮುರಿಯುವಷ್ಟು ಕುಡಿತ. ಇವಕ್ಕೆ ಹತ್ತು ಆಜ್ಞೆಗಳನ್ನು ಒಮ್ಮೆ ಕ್ರಮವಾಗಿ ಓದಿದರೆ ಸಾಕು. ಗಂಭೀರ ವಿಷಯ, ಪೂರ್ಣ ಅರಿವು, ಮನಸಾರೆ ಒಪ್ಪಿಗೆ, ಈ ಮೂರೂ ಕೂಡಿದಾಗ ಪಾಪ ಮಾರಕವಾಗುತ್ತದೆ. ಅಂಥವನ್ನು ಯಾವ ಬಗೆಯದು, ಸುಮಾರು ಎಷ್ಟು ಬಾರಿ ಎಂದು ಹೇಳುವುದು ಕಡ್ಡಾಯ. ಉಳಿದವನ್ನು ಹೇಳುವುದು ಹಿತ. ಬರೆದಿಟ್ಟುಕೊಳ್ಳುವುದಾದರೆ ಚಿಕ್ಕ ಚೀಟಿಯಲ್ಲಿ ನಿಮಗಷ್ಟೇ ತಿಳಿಯುವಂತೆ ಬರೆದು, ಕೆಲಸ ಮುಗಿದ ಮೇಲೆ ಹರಿದುಹಾಕಿ. ಫೋನಿನಲ್ಲಿ ಬರೆಯುವುದು ಬೇಡ.

ದೇವಾಲಯಕ್ಕೆ ಹೋಗುವ ಮುನ್ನ

ಕಥೋಲಿಕ ಧರ್ಮೋಪದೇಶ ಗ್ರಂಥದ 1459ನೆಯ ಪರಿಚ್ಛೇದ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಪಾಪವಿಮೋಚನೆ ಪಾಪವನ್ನು ಅಳಿಸುತ್ತದೆ, ಪಾಪದಿಂದಾದ ಅವ್ಯವಸ್ಥೆಯನ್ನೆಲ್ಲ ಸರಿಪಡಿಸುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು. ಆದ್ದರಿಂದ ಬಾಕಿ ಇರುವ ಕೂಲಿಯನ್ನೂ ತಡೆಹಿಡಿದ ಅಡ್ವಾನ್ಸನ್ನೂ ಪಾಪನಿವೇದನೆಗೆ ಮೊದಲೇ ಕೊಟ್ಟು ಮುಗಿಸಿ. ಹಿಂದಿನ ಬಾಡಿಗೆದಾರರ ನಂಬರ್ ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ. ‘ಆಗ ಲೆಕ್ಕದಲ್ಲಿ ಹೆಚ್ಚು ಹಿಡಿದಿದ್ದೆ, ಈಗ ಕಳಿಸುತ್ತಿದ್ದೇನೆ’ ಎಂದರೆ ಸಾಕು, ಧರ್ಮಬೋಧೆ ಬೇಡ. ಒಟ್ಟಿಗೆ ಕೊಡಲು ಆಗದಿದ್ದರೆ ಕಂತಿನಲ್ಲಿ ಕೊಡುವ ನಿರ್ಧಾರ ಮಾಡಿ ಮೊದಲ ಕಂತನ್ನು ಕೊಟ್ಟು ಹೋಗಿ. ಯಾರಿಗೆ ಸಲ್ಲಬೇಕೋ ಅವರು ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ. ಅವರೂ ಸಿಗದಿದ್ದರೆ ಬಡವರಿಗೆ ಸಲ್ಲಿಸುವುದು ಹಿಂದಿನಿಂದ ಬಂದ ಕ್ರಮ.

ಮುರಿದ ಸಂಬಂಧಗಳ ವಿಷಯ ಇಷ್ಟು ಸರಳವಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸೋದರನೊಡನೆ ಸಂಧಾನ ಮಾಡಿಕೋ ಎಂದು ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಮಾತು ಬಿಟ್ಟ ಅಣ್ಣನ ಮನೆಗೆ ಹೋಗುವವರು ಹಳೆಯ ಜಗಳದ ಸರಿ ತಪ್ಪುಗಳನ್ನು ಮತ್ತೆ ಬಿಚ್ಚಬಾರದು. ‘ಅಣ್ಣಾ, ಅಪ್ಪನ ತಿಥಿಯ ದಿನ ನಾನು ಹಾಗೆ ಕೂಗಾಡಬಾರದಿತ್ತು, ಕ್ಷಮಿಸು’ ಎಂದು ತಮ್ಮ ಪಾಲಿನ ತಪ್ಪನ್ನಷ್ಟೇ, ಹೆಸರಿಟ್ಟು, ಹೇಳಿ. ‘ನಾನು ಹಾಗೆ ಮಾಡಿದ್ದೇನೋ ನಿಜ, ಆದರೆ ನೀನು’ ಎಂದು ಶುರುವಾಗುವ ಮಾತು ಕ್ಷಮೆಯಾಚನೆಯಲ್ಲ, ಎರಡನೆಯ ಸುತ್ತಿನ ಜಗಳ. ಅಣ್ಣ ಬಾಗಿಲು ಹಾಕಿಕೊಂಡರೆ ನಿಮ್ಮ ಕರ್ತವ್ಯ ಅಲ್ಲಿಗೆ ಸದ್ಯಕ್ಕೆ ಮುಗಿಯಿತು. ನಿಮ್ಮ ಪಾಪನಿವೇದನೆಗೆ ಅದು ಅಡ್ಡಿಯಾಗದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ರಿಸ್ಮಸ್ ಬಂತು, ರಾಜಿ ಮಾಡಿಕೊಳ್ಳಿ ಎಂದು ಪೆಟ್ಟು ತಿಂದ ಹೆಣ್ಣುಮಗಳನ್ನು ಹೊಡೆಯುವ ಗಂಡನ ಮನೆಗೆ ಕಳಿಸುವುದು, ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಕ್ಷಮಿಸಿಬಿಡು ಎಂದು ಬಾಯಿ ಮುಚ್ಚಿಸುವುದು ಕರುಣೆಯಲ್ಲ. ಮನಸ್ಸಿನಲ್ಲಿ ಕ್ಷಮಿಸುವುದು ಬೇರೆ, ಅಪಾಯದೊಳಗೆ ಮರಳುವುದು ಬೇರೆ, ಪೊಲೀಸರಿಗೆ ದೂರು ಕೊಡುವುದು ಇನ್ನೂ ಬೇರೆ. ಪೆಟ್ಟು ಕೊಟ್ಟವರ ಪಶ್ಚಾತ್ತಾಪಕ್ಕೆ ಕಾನೂನಿನ ಮುಂದೆ ನಿಲ್ಲುವುದೂ ಸೇರುತ್ತದೆ.

ಪಾಪನಿವೇದನೆಯ ಪೀಠದಲ್ಲಿ

ಬಹುಕಾಲ ದೂರ ಉಳಿದವರಿಗೆ ಅಡ್ಡಬರುವುದು ವಿಧಿ ಮರೆತುಹೋಗಿದೆಯೆಂಬ ನಾಚಿಕೆ. ಕ್ರಮ ಸುಲಭ. ಶಿಲುಬೆಯ ಗುರುತು ಹಾಕಿ, ‘ಫಾದರ್, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ, ನಾನು ಪಾಪನಿವೇದನೆ ಮಾಡಿ ಸುಮಾರು ಹತ್ತು ವರ್ಷವಾಯಿತು’ ಎಂದು ಶುರುಮಾಡಿ. ಕ್ರಮ ನೆನಪಿಲ್ಲದಿದ್ದರೆ ಹಾಗೆಯೇ ಹೇಳಿ, ಮುಂದಿನದನ್ನು ಗುರುಗಳು ನಡೆಸಿಕೊಡುತ್ತಾರೆ. ಅತ್ಯಂತ ಹೇಳಲಾಗದ ಪಾಪವನ್ನು ಮೊದಲೇ ಹೇಳಿಬಿಡುವುದು ಜಾಣತನ. ಕಡೆಗೆ ಉಳಿಸಿಕೊಂಡದ್ದು ಗಂಟಲಲ್ಲೇ ನಿಲ್ಲುತ್ತದೆ. ಬೇರೆಯವರ ಹೆಸರು ಬೇಡ, ಕಥೆ ಬೇಡ. ‘ಕೋಪಿಸಿಕೊಂಡೆ’ ಎನ್ನುವ ಬದಲು ‘ವಯಸ್ಸಾದ ತಾಯಿಯ ಮೇಲೆ ಆಗಾಗ ರೇಗಿದೆ, ಒಮ್ಮೆ ಕೈ ಎತ್ತಿದೆ’ ಎಂದರೆ ಗುರುಗಳ ಸಲಹೆಯೂ ಅಷ್ಟೇ ನೇರವಾಗಿರುತ್ತದೆ. ಬೇಕೆಂದೇ ಒಂದು ಗಂಭೀರ ಪಾಪವನ್ನು ಮುಚ್ಚಿಟ್ಟರೆ ಸಂಸ್ಕಾರ ವ್ಯರ್ಥ. ನಿಜವಾಗಿ ಮರೆತದ್ದು ಕ್ಷಮೆಯೊಳಗೆ ಬರುತ್ತದೆ, ಮುಂದೆ ನೆನಪಾದಾಗ ಹೇಳಿದರಾಯಿತು.

ಗೋಪ್ಯತೆಯ ಬಗ್ಗೆ ಅನುಮಾನ ಬೇಡ. ಕೇಳಿದ್ದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಯಾವ ಕಾರಣಕ್ಕೂ ಹೊರಗೆಡಹುವ ಹಕ್ಕು ಗುರುಗಳಿಗಿಲ್ಲ. ನೇರವಾಗಿ ಮುರಿದವರಿಗೆ ತಾನಾಗಿಯೇ ಬಹಿಷ್ಕಾರ ತಗಲುತ್ತದೆ. ಹಾಗೂ ಸಂಕೋಚವಾದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಲು ಪೂರ್ಣ ಸ್ವಾತಂತ್ರ್ಯವಿದೆ. ವಿವಾಹದ ತೊಡಕು ಇರುವವರು ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಬಗೆಹರಿಸಲು ಹೋಗದೆ, ಗುರುಗಳನ್ನು ಪ್ರತ್ಯೇಕವಾಗಿ ಕಾಣಲಿ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕೆನಿಸುವ, ಕ್ಷಮೆಯಾಯಿತೋ ಇಲ್ಲವೋ ಎಂದು ನಿದ್ದೆಗೆಡುವ ಸ್ವಭಾವದವರು ಒಬ್ಬರೇ ಗುರುಗಳ ಬಳಿ ಹೋಗಿ ಅವರ ಮಾತನ್ನು ಪಾಲಿಸುವುದು ಒಳಿತು. ಹಾಸಿಗೆ ಹಿಡಿದ ಹಿರಿಯರಿದ್ದರೆ ಮೊದಲ ವಾರವೇ ಧರ್ಮಕೇಂದ್ರದ ಕಚೇರಿಗೆ ತಿಳಿಸಿ. ಗುರುಗಳು ಮನೆಗೇ ಬರುತ್ತಾರೆ, ಬಂದಾಗ ಟಿ.ವಿ. ಆರಿಸಿ ಉಳಿದವರು ಕೋಣೆಯಿಂದ ಹೊರಗಿರಬೇಕು.

ದಕ್ಷಿಣ ಭಾರತ ಸಭೆಯಲ್ಲಿ ಪಾಪದ ಅರಿಕೆ ಆರಾಧನೆಯೊಳಗೆ ಎಲ್ಲರೂ ಒಟ್ಟಾಗಿ ಹೇಳುವ ಪ್ರಾರ್ಥನೆ. ಆ ಪ್ರಾರ್ಥನೆಯ ಮುಂಚಿನ ಮೌನವನ್ನು ಎರಡನೆಯ ವಾರದ ಆತ್ಮಶೋಧನೆಯಿಂದ ತುಂಬಿಕೊಳ್ಳಬಹುದು. ಮನಸ್ಸಿಗೆ ಭಾರವಾದದ್ದು ಇದ್ದರೆ ಸಭಾಪಾಲಕರ ಬಳಿ ಖಾಸಗಿಯಾಗಿ ಹೇಳಿಕೊಳ್ಳುವುದಕ್ಕೂ ತಡೆಯಿಲ್ಲ.

ಉಳಿದ ದಿನಗಳು

ಗುರುಗಳು ವಿಧಿಸಿದ ಪ್ರಾಯಶ್ಚಿತ್ತವನ್ನು ಅದೇ ದಿನ, ಸಾಧ್ಯವಾದರೆ ದೇವಾಲಯದಿಂದ ಹೊರಡುವ ಮೊದಲೇ ಮುಗಿಸಿ. ಮೂರನೆಯ ಭಾನುವಾರ ಗುಲಾಬಿ ಬಣ್ಣದ ವಸ್ತ್ರ ಕಾಣುವ ಹೊತ್ತಿಗೆ ನಿಮ್ಮ ಲೆಕ್ಕ ಮುಗಿದಿರುವುದರಿಂದ, ಉಳಿದ ದಿನಗಳಲ್ಲಿ ಪಡೆದ ದಯೆಯನ್ನು ಹಂಚುವ ಕೆಲಸಕ್ಕೆ ಕೈ ಹಾಕಬಹುದು. ಬೀರುವಿನಿಂದ ತೆಗೆದಿಟ್ಟ ಬಟ್ಟೆಗಳನ್ನು ಈಗ ತಲುಪಿಸಿ. ಕ್ಯಾರಲ್ ತಂಡ ಬಾರದ ಮನೆಗಳು, ಈ ವರ್ಷ ಸಾವು ಕಂಡ ಮನೆಗಳು ಪ್ರತಿ ಊರಿನಲ್ಲೂ ಇರುತ್ತವೆ. ಹಬ್ಬದ ತಿಂಡಿಯ ಡಬ್ಬ ಮೊದಲು ಅಲ್ಲಿಗೆ ಹೋಗಲಿ. ನಿಮ್ಮ ಬಳಿ ಸಾಲ ಪಡೆದು ತೀರಿಸಲಾಗದೆ ತಲೆತಪ್ಪಿಸಿಕೊಂಡು ಓಡಾಡುವ ನೆರೆಯವರಿದ್ದರೆ, ಬಿಡಬಹುದಾದಷ್ಟನ್ನು ಬಿಟ್ಟು ಅದನ್ನು ಅವರಿಗೆ ತಿಳಿಸಿಬಿಡಿ. ಮನಸ್ಸಿನಲ್ಲೇ ಮನ್ನಾ ಮಾಡಿಕೊಂಡರೆ ಅವರು ಸುತ್ತುಬಳಸಿನ ದಾರಿಯಲ್ಲೇ ಓಡಾಡುತ್ತಿರುತ್ತಾರೆ.

ಇಷ್ಟೆಲ್ಲದರ ನಡುವೆಯೂ ದಿನ ತಪ್ಪಿಹೋದವರು 23ರ ಸಾಲಿನಲ್ಲಿ ನಿಲ್ಲಲು ಹಿಂಜರಿಯಬೇಕಿಲ್ಲ. ಅಂಥವರು ಒಂದೇ ಒಂದು ಪಾಪವನ್ನಾದರೂ ಯೊವಾನ್ನನ ಮೂರು ಉತ್ತರಗಳಿಂದ ಆರಿಸಿ ಸ್ಪಷ್ಟವಾಗಿ ಹೇಳಲಿ. ಗಂಭೀರ ಪಾಪಗಳಿದ್ದರೆ ಅವನ್ನೂ ಬಿಡದಿರಲಿ. ವಿವರವಾಗಿ ಮಾತಾಡಬೇಕಾದದ್ದಕ್ಕೆ ಹಬ್ಬದ ನಂತರ ಬರುವುದಾಗಿ ಗುರುಗಳಿಗೆ ಅಲ್ಲೇ ಹೇಳಿಡಬಹುದು. ಕ್ರಿಸ್ಮಸ್ ಕಾಲ ಜನವರಿಯಲ್ಲಿ ಬರುವ ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ನಡೆಯುತ್ತದೆ, ಡಿಸೆಂಬರ್ 26ರ ನಂತರ ಪಾಪನಿವೇದನೆಗೆ ಸಾಲೇ ಇರುವುದಿಲ್ಲ.